ಅಂದಾಜು ತಾರೀಖು

ತಾಯಿ ಕಾರ್ಡಿನ ಮ್ಯಾಲೆ ನೀಲಿ ಶಾಯಿಯೊಳಗ
ಹದಿನೆಂಟು ಅಂತ ಬರದಾಳ ಸಿಸ್ಟರು.
ಬರದು, ಪೆನ್ನಿಗೆ ಟೋಪಿ ಹಾಕಿ, ಅಂದ್ಲು:
ಇದು ಅಂದಾಜು, ತಂಗಿ,
ಹುಬ್ಬಳ್ಳಿ ಪ್ಯಾಸೆಂಜರ್ ಬರೂ ಹೊತ್ತಲ್ಲ.
(ಅದರೇ ಎಲ್ಲೆ ಹೊತ್ತಿಗೆ ಬರತೈತಿ, ಅದು ಬ್ಯಾರೆ ಮಾತು.)

ಅತ್ತಿ ಲೆಕ್ಕ ಬ್ಯಾರೆ.
ಮಗ್ಗದಾಗ ಈಗಿರೂ ಹಾಸು ಮುಗೀಬೇಕು,
ಹೊಸಾದೊಂದು ಹಚ್ಚಬೇಕು,
ಅದರಾಗ ಎರಡು ಸೀರಿ ಇಳೀಬೇಕು,
ಮೂರನೇದು ಸೆರಗಿಗೆ ಬಂದಾಗ ನೋಡು, ಅಂತಾಳ.
ಎಂಟು ಹೆತ್ತಾಕಿ. ಐದು ಉಳಿಸಿಕೊಂಡಾಕಿ.
ಎಷ್ಟು ಮಕ್ಕಳು ಅಂತ ಯಾರರೆ ಕೇಳಿದ್ರ
ಇವತ್ತಿಗೂ ಎಂಟು ಅಂತಾಳ.

ನಮ್ಮ ಮನ್ಯಾಗ ಈ ಸಲ ಯಾರೂ ಏನೂ ತರೂದಿಲ್ಲ.
ಕೂಸಿಗಿಂತ ಮೊದಲ ಕೂಸಿನ ಸಾಮಾನು ಬರಬಾರದು.
ಯಾರೂ ಹಾಕಿದ ಕಾಯ್ದೆ ಅಲ್ಲ ಇದು,
ಸುಮ್ನ ಎಲ್ಲಾರೂ ಒಪ್ಪಿಕೊಂಡದ್ದು.
ಹೋದ ಸಲ ತೊಟ್ಟಿಲಕ್ಕ ಹಸರು ಬಣ್ಣಾ ಹಚ್ಚಿದ್ವಿ,
ಗಿಲಕಿ ತಂದಿದ್ವಿ, ಹೆಸರೂ ಹುಡುಕಿದ್ವಿ.
ಎಂಟನೇ ತಿಂಗಳದಾಗ
ಬರಿಗೈಲೆ ಬಂದೆ ದವಾಖಾನಿಯಿಂದ.
ಬಣ್ಣದ ವಾಸನಿ ಇನ್ನೂ ಹೋಗಿದ್ದಿಲ್ಲ.

ಹಿಂಗಾಗಿ ಎಲ್ಲಾರ ಕೈ ಖಾಲಿ.
ಖಾಲಿ ಅಂದ್ರ, ಕಾಣೂ ಮಟಾ ಖಾಲಿ.

ಮನ್ನೆ ಜ್ವಾಳದ ಪಿಪಾಯಿಗೆ ಕೈ ಹಾಕಿದೆ,
ಅಳಿಯೂ ಸೇರು ಹುಡುಕಲಿಕ್ಕೆ.
ಬೆರಳಿಗೆ ಮೆತ್ತಗ ಏನೋ ಹತ್ತಿತು:
ಮಾವನ ಹಳೇ ಧೋತರ, ಹದಿನಾಲ್ಕು ತುಂಡು,
ಅಂಚು ಮಡಿಸಿ ಹೊಲದದ್ದು,
ಅಂಟವಾಳದ ನೀರಾಗ ಒಗದು ಒಣಗಿಸಿದ್ದು.
ತೀರಿಕೊಂಡು ಮೂರು ವರ್ಷಾತು,
ಹಗಲೆಲ್ಲಾ ಗದರಸೂ ಮನಷ್ಯಾ,
ಮೊಮ್ಮಗೂಸಿನ ಕುಂಡಿ ಒರಸಲಿಕ್ಕೆ ತಯಾರಾಗ್ಯಾನ.
ಅತ್ತಿನ್ನ ನಾ ಏನೂ ಕೇಳಲಿಲ್ಲ.
ಸೇರು ತಗೊಂಡು ಮುಚ್ಚಳಾ ಹಾಕಿದೆ.

ಇವರು, ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು,
ಮುಂಜಾನಿಂದ ಲಾಳಿ ಒಗೀತಾರ. ಮಾತಿಲ್ಲ.
ರಾತ್ರಿ ಅಟ್ಟದ ಮ್ಯಾಲೆ ಏನೋ ಸಪ್ಪಳ.
ಇಲಿ, ಅಂದ್ರು ಇಳದು ಬಂದು.
ಇಲಿಗೆ ಎಣ್ಣಿ ಬಾಟ್ಲಿ ಯಾಕ ಬೇಕು?
ತೊಟ್ಟಿಲದ ಕಡಿ ಕಿರ್ ಅನ್ನೂದು ನಿಂತೈತಿ,
ಕೆಳಗ ಮಲಗೇ ನನಗ ಗೊತ್ತಾತು.

ಗ್ವಾಡಿ ಆಚೆಗೆ ಮಾಬೂಬಿ ಚಾಚಿ ಮಶೀನು ತುಳೀತಾಳ.
ಏನು ಹೊಲಿಯಾಕ ಹತ್ತೀರಿ? ಅಂದೆ.
ಚಹಾದ ಕಿಟ್ಲಿಗೆ ಮುಚ್ಚೂ ಅರಬಿ, ಅಂದ್ಲು.
ನೆತ್ತಿ ಮ್ಯಾಲೆ ಗೊಂಡೆ, ಗದ್ದದ ಕೆಳಗ ಕಟ್ಟಾಕ ಎರಡು ಲಾಡಿ.
ಗದ್ದ ಇರೂ ಕಿಟ್ಲಿ
ಇಡೀ ಬೆಟಗೇರಿಯಾಗ ನಾ ನೋಡಿಲ್ಲ.

ನಾನೂ ಏನು ಕಡಿಮಿ ಇಲ್ಲ.
ಬಚ್ಚಲದಾಗ ಒಬ್ಬಾಕಿನ ಇದ್ದಾಗ
ಒಂದು ಹೆಸರು ಕರದು ನೋಡೀನಿ.
ಅರ್ಧಾ ತುಂಬಿದ ಹಂಡೆದಾಗ ಅದು ಒಮ್ಮೆ ಸುತ್ತು ಹಾಕಿ
ತಳಕ್ಕ ಕುಂತತು.
ಯಾವ ಹೆಸರು ಅಂತ ಇಲ್ಲೂ ಹೇಳೂದಿಲ್ಲ.

ಹದಿನೆಂಟು ಬಂತು. ಹೋತು.
ಆಶಾ ಶಕುಂತಲಾ ಎರಡು ಸಲ ಫೋನ್ ಹಚ್ಚಿದ್ಲು:
ಬ್ಯಾನಿ ಬಂದಾವೇನು? ಒದೀತೈತೇನು?
ಒದೀತೈತಿ.
ಮಗ್ಗ ನಡದಾಗ ಒದೀತೈತಿ,
ಮಗ್ಗ ನಿಂತ್ರ ತಾನೂ ನಿಲ್ಲತೈತಿ,
ಯಾಕ ನಿಂತತು ಅಂತ ಕೇಳೂ ಹಂಗ.
ಅತ್ತಿ ಲೆಕ್ಕಾನೂ ತಪ್ಪೇತಿ.
ಮೂರನೇ ಸೀರಿ ಇಳದು, ಘಳಿಗಿ ಮಾಡಿ,
ಸಾವಕಾರನ ಅಂಗಡಿ ಸೇರೇತಿ.
ನಾಲ್ಕನೇದು ನಡದೈತಿ. ಆಕಿ ಅದರ ಸುದ್ದೀನ ತಗಿಯೂದಿಲ್ಲ.

ಇವತ್ತು ಇಪ್ಪತ್ತೊಂದು.
ಮೂರು ಹೊಡದ ಮ್ಯಾಲೆ ಅತ್ತಿ ಒಲಿಗೆ ಹಂಡೆ ಏರಿಸಿದ್ಲು.
ಯಾಕ? ಅಂದೆ. ಜಳಕಕ್ಕ, ಅಂದ್ಲು.
ನಮ್ಮ ಮನ್ಯಾಗ ಈ ಹೊತ್ತಿನಾಗ
ಜಳಕಾ ಮಾಡೂವ್ರು ಯಾರೂ ಇಲ್ಲ.
ನಾ ಅಕ್ಕಿ ಆರಿಸಿಕೋತ ಕುಂತಿದ್ದೆ.
ಟೊಂಕದಾಗ ಯಾರೋ ಒಂದು ಎಳಿ ಹಿಡದು
ಮೆಲ್ಲಕ ಜಗ್ಗಿದಂಗಾತು.
ಕಂಬಾ ಹಿಡಕೊಂಡೆ.
ಏನಾತು? ಕುಣಿಯೊಳಗಿಂದ ಇವರು.
ಏನಾತು? ಒಲಿ ಮುಂದಿಂದ ಅತ್ತಿ.
ಏನಿಲ್ಲ, ಅಂದೆ,
ಕಾಲು ಜುಮ್ ಅಂತು.

ಗ್ವಾಡಿ ಆಚೆಗೆ
ಮಶೀನು ಗಪ್ಪ ನಿಂತಿತು.